ಗಾದಿ

ಸೋಮವಾರವೂ ಅದೇ ಕೆಲಸ. ಗುಲಾಬಿ ನೀರು ಬದಲಿಸುವುದು,
ಮೂವತ್ತೇಳು ಡಿಗ್ರಿಯ ಪೆಟ್ಟಿಗೆ ತೆರೆದು ಮುಚ್ಚುವುದು.
ಎಡಗಡೆಯ ತಟ್ಟೆಯ ತಳಕ್ಕೆ ಜೆಲ್, ಕೆನೆಮೊಸರಿನಷ್ಟು ಮೆತ್ತಗೆ.
ಬಲಗಡೆ ಬರಿಯ ಗಾಜು.
ಒಂದೇ ತಾಯಿಯ ಕೋಶಗಳು ಎರಡರಲ್ಲೂ.

ಮೆತ್ತನೆಯದರಲ್ಲಿ ಅವು ದುಂಡಗೆ ಮುದುಡಿ ಕೂತಿವೆ,
ಬಸ್ಸಿನಲ್ಲಿ ಗುರುತಿಲ್ಲದವರ ಪಕ್ಕ ಸೀಟು ಸಿಕ್ಕವರ ಹಾಗೆ.
ಗಾಜಿನ ಮೇಲಿನವು ಅಂಚು ಚಾಚಿ, ಮೈತುಂಬ ನಾರು ಬಿಗಿದು
ಸಾತ್‌ಬಾರಾದಲ್ಲಿ ಹೆಸರಿದ್ದವರಂತೆ ಹರಡಿವೆ.

ಇಂಟೆಗ್ರಿನ್ ಅಂತ ಹೆಸರು. ಪೊರೆಯಾಚೆ ಕೈ, ಪೊರೆಯೀಚೆ ಕಾಲು.
ಕೈ ನೆಲವನ್ನು ಹಿಡಿಯುತ್ತದೆ,
ಕಾಲಿಗೆ ಜೋತ ಟ್ಯಾಲಿನ್ ಒಳಗಿನಿಂದ ಜಗ್ಗಿ ನೋಡುತ್ತದೆ.
ನೆಲ ಎದುರು ಜಗ್ಗದಿದ್ದರೆ ಹಿಡಿತ ಬಿಟ್ಟುಹೋಯಿತು.
ಜಗ್ಗಿದರೆ
ಟ್ಯಾಲಿನ್ನಿನ ಮಡಿಕೆ ಒಂದೊಂದಾಗಿ ಬಿಚ್ಚುತ್ತದೆ.
ಸೀರೆಯ ನೆರಿಗೆಯಂತೆ ಎಂದು ಬರೆದು ಹೊಡೆದುಹಾಕಿದೆ.
ಸಿಮೆಂಟು ಚೀಲದ ಹೊಲಿಗೆಯಂತೆ: ಟರ್ರ್ ಅಂತ, ತಡೆದು, ಮತ್ತೆ ಟರ್ರ್ ಅಂತ.
ಒಳಗೆ ಅಡಗಿದ್ದ ಜಾಗಗಳಿಗೆ ಆಗ ವಿಂಕ್ಯುಲಿನ್ ಬಂದು ಕೂರುತ್ತದೆ.
ಭಾರ ಬಿದ್ದ ಮೇಲೆಯೇ ಬರುವ ಆಳುಗಳು.

ಇದನ್ನು ಅವ್ವನಿಗೆ ಹೇಳಿದ್ದೆ, ಸುತಾರವಾಡಿಯ ಮನೆಯಲ್ಲಿ
ಮೆಂತ್ಯೆ ಸೋಸುವಾಗ.
"ಎಳದ್ರ ಬಿಗಿ ಆಗೂ ಗಂಟೇನು? ಅದರಾಗೇನೈತಿ?"
ಸಿವುಡಿಗೆ ಸುತ್ತಿದ್ದ ದಾರ ಬಿಚ್ಚಿ ನನ್ನ ಬೆರಳಿಗೆ ಹಾಕಿ ಜಗ್ಗಿದಳು.
ಬೆರಳ ತುದಿ ಬಿಳುಚಿತು.
"ಪರಾಂಚಿ ಬೊಂಬಿಗೆ ಈ ಗಂಟ. ನಿನ್ನ ಕಾಲಿಗೆ ಬ್ಯಾರೆ, ಸಡ್ಲಂದು."

ವಾರಜೆಯ ಕಟ್ಟಡ. ಆರನೇ ಸ್ಲ್ಯಾಬ್.
ಇಂಡಿಯಿಂದ ಬಂದ ಗುರುಬಾಯಿ, ತಲೆಯ ಮೇಲೆ ಘಮೇಲಾ,
ಕೆಳಗೆ ಮರಳಿನ ಗುಡ್ಡೆ, ನಾನು, ನನ್ನ ಹಗ್ಗ.
ಹಗ್ಗ ಮುಗಿಯುವವರೆಗೆ ಓಡುತ್ತಿದ್ದೆನಂತೆ.
ಮುಗಿದಲ್ಲಿ ಒಮ್ಮೆ ಜಗ್ಗಿ,
ಆ ತುದಿಗೆ ಗಟ್ಟಿ ಏನೋ ಇದೆ ಅಂತ ಖಾತ್ರಿ ಮಾಡಿಕೊಂಡು
ಅಲ್ಲೇ ಕೂತು ಆಡುತ್ತಿದ್ದೆನಂತೆ.

ಮೊದಲ ಪಗಾರಕ್ಕೆ ಅವಳಿಗೊಂದು ಗಾದಿ ತಂದೆ,
ಎಂಟು ಇಂಚಿನದು, ಕೂತರೆ ಉಸಿರು ಬಿಡುವಂಥದ್ದು.
ಮೂರು ರಾತ್ರಿ ಮಲಗಿದಳು, ಮೊಣಕಾಲು ಹೊಟ್ಟೆಗೆ ಹಚ್ಚಿ.
ನಾಲ್ಕನೆಯ ರಾತ್ರಿ ನೀರಿಗೆಂದು ಎದ್ದರೆ
ಅವಳು ಕೆಳಗೆ, ಬರಿಯ ಫರಸಿಯ ಮೇಲೆ,
ಕೈಕಾಲು ನಾಲ್ಕೂ ನಾಲ್ಕು ದಿಕ್ಕಿಗೆ ಚೆಲ್ಲಿ, ಬಾಯಿ ತೆರೆದು, ಗಾಢ ನಿದ್ದೆ.

ಬೆಳಿಗ್ಗೆ ಜಗಳವಾಡಿದೆ. ಹನ್ನೊಂದು ಸಾವಿರ, ಅಂದೆ.
"ಅದರ ಮ್ಯಾಲ ಮಲಗಿದ್ರ
ನಾ ಎಲ್ಲಿ ಮುಗೀತೀನಿ ಅನ್ನೂದ ತಿಳಿಯಂಗಿಲ್ಲ," ಅಂದಳು.
ಚಹಾ ಆರಿತು.

ಕವಿತೆ ಇಲ್ಲಿಗೇ ನಿಲ್ಲಬಹುದಿತ್ತು.
ಗಡಸು ನೆಲ ಸಿಕ್ಕ ಎಳೆಕೋಶ ಎಲುಬಾಗಲು ಹೊರಡುತ್ತದೆ ಎಂದು ಹೇಳಿ
ಮುಗಿಸಿದರೆ ಎಲ್ಲರಿಗೂ ಸಮಾಧಾನ.
ಆದರೆ ಗಡಸು ನೆಲದಲ್ಲಿ ಗಾಯದ ಕಲೆಯೂ ಹಬ್ಬುತ್ತದೆ. ಗಡ್ಡೆಯೂ.
ಔಂಧದ ದವಾಖಾನೆಯಲ್ಲಿ ಅವ್ವನ ಎದೆಯ ಫಿಲ್ಮು ದೀಪಕ್ಕೆ ಹಿಡಿದು
ಡಾಕ್ಟರರು ಬಿಳಿ ನಾರು ತೋರಿಸಿದರು.
ಇಪ್ಪತ್ತೆರಡು ವರ್ಷದ ಧೂಳು.
ಬಿಗಿದಷ್ಟೂ ಇನ್ನಷ್ಟು ಬಿಗಿಯುವುದು, ಅಂದರು.
ನನಗೆ ಗೊತ್ತು, ಅಂದೆ.
ಗೊತ್ತಿರುವುದು ಅಲ್ಲಿ ಯಾವ ಕೆಲಸಕ್ಕೂ ಬರಲಿಲ್ಲ.

ಗಾದಿ ಈಗ ಗೋಡೆಗೆ ಒರಗಿ ನಿಂತಿದೆ,
ನೆಂಟರು ಬಂದಾಗ ಬೀಳಿಸುತ್ತೇವೆ.
ಅವ್ವ ಕೆಳಗೆ ಮಲಗುತ್ತಾಳೆ. ಏದುಸಿರು ಹತ್ತಿದಾಗ
ಬೆನ್ನಿಗೆ ನನ್ನ ಕೈ ಕೊಡುತ್ತೇನೆ. ಅವಳು ಒರಗುತ್ತಾಳೆ,
ಮೊದಲು ಸ್ವಲ್ಪ ನೂಕಿ ನೋಡಿ, ಆಮೇಲೆ ಪೂರ್ತಿ.

ನಿನ್ನೆ ಕೇಳಿದಳು: "ಆ ಎಡಗಡಿ ತಟ್ಟ್ಯಾಗಿನವು?
ಇನ್ನೂ ಹಂಗ ಮುದುಡಿ ಕುಂತಾವೇನು?"
ಹೂಂ ಅಂದೆ.
"ಅವಕ್ಕೊಂದು ಹಲಗಿನರ ಹಾಕ, ಪಾಪ."